ಕೆರೆಯ ನೀರಿನಲ್ಲಿರುವ ಕೀಟನಾಶಕ ಎಲ್‌ಸಿ50ಯ ನೂರರಲ್ಲೊಂದು ಪಾಲಿಗಿಂತ ಕಡಿಮೆಯಿದ್ದರೆ ಮೀನುಗಳಿಗೆ ಅಪಾಯವಿಲ್ಲವೆಂದು ಬರೆಯಬಹುದೇ?

ಪ್ರಶ್ನೆ — ಸಂಶೋಧನಾ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಸಿಹಿನೀರಿನ ಮೀನುಗಳ ಮೇಲೆ ಕೀಟನಾಶಕಗಳಿಂದಾಗುವ ಪರಿಣಾಮವನ್ನು ಕುರಿತು ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಂಶೋಧನೆ ನಡೆಸುತ್ತಿದ್ದೇನೆ. ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಬರೆಯಬೇಕಾದ ಒಂದು ವಾಕ್ಯವನ್ನು ಬರೆಯಲು ಕೈ ಬರುತ್ತಿಲ್ಲ. ಆ ಬಗ್ಗೆ ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರ ಅಭಿಪ್ರಾಯ ಬೇಕಾಗಿದೆ.

ಮೊದಲ ವರ್ಷ ಸಾಮಾನ್ಯ ಗೆಂಡೆಯ ಮರಿಗಳನ್ನು ಗಾಜಿನ ತೊಟ್ಟಿಗಳಲ್ಲಿಟ್ಟು, ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ಐದು ಬೇರೆ ಬೇರೆ ಸಾಂದ್ರತೆಗಳಿಗೆ 96 ಗಂಟೆ ಒಡ್ಡಿ, ಅರ್ಧದಷ್ಟು ಮೀನುಗಳು ಸಾಯುವ ಸಾಂದ್ರತೆಯನ್ನು, ಅಂದರೆ ಎಲ್‌ಸಿ50ಯನ್ನು, ಪ್ರಾಬಿಟ್ ವಿಶ್ಲೇಷಣೆ ಎಂಬ ಸಂಖ್ಯಾಶಾಸ್ತ್ರದ ವಿಧಾನದ ಮೂಲಕ ಕಂಡುಕೊಂಡೆ. ಎರಡನೆಯ ವರ್ಷ, ಸುತ್ತಲೂ ಹೊಲಗದ್ದೆಗಳಿರುವ ಒಂದು ಕೆರೆಯಿಂದ ತಿಂಗಳಿಗೊಮ್ಮೆ ನೀರಿನ ಮಾದರಿ ತಂದು ಅದೇ ಕೀಟನಾಶಕಕ್ಕಾಗಿ ಪರೀಕ್ಷೆ ಮಾಡಿಸಿದೆ. ಹೆಚ್ಚಿನ ತಿಂಗಳುಗಳಲ್ಲಿ ಏನೂ ಪತ್ತೆಯಾಗಲಿಲ್ಲ. ಪತ್ತೆಯಾದ ತಿಂಗಳುಗಳಲ್ಲೂ ಅದರ ಪ್ರಮಾಣ ನನ್ನ ಎಲ್‌ಸಿ50ಯ ನೂರರಲ್ಲೊಂದು ಪಾಲನ್ನು ಮುಟ್ಟಲಿಲ್ಲ. ಅಂಕಿಗಳನ್ನು ಮಾತ್ರ ನೋಡಿದರೆ ‘ಈ ಕೆರೆಯ ಮೀನುಗಳಿಗೆ ಕೀಟನಾಶಕದಿಂದ ಅಪಾಯವಿಲ್ಲ’ ಎಂದು ಬರೆದು ಮುಗಿಸಬಹುದು. ಮಾರ್ಗದರ್ಶಕರೂ ಅದನ್ನೇ ಸೂಚಿಸುತ್ತಿದ್ದಾರೆ.

ಆದರೆ ಎರಡು ಸಂಗತಿಗಳು ನನ್ನನ್ನು ಕಾಡುತ್ತಿವೆ. ಮೊದಲನೆಯದು, ಮಳೆಗಾಲದ ಆರಂಭದಲ್ಲಿ ದಡದ ಜೊಂಡಿನ ನಡುವೆ ಗುಂಪುಗುಂಪಾಗಿ ಕಾಣುತ್ತಿದ್ದ ಮರಿಗಳು ಈಗ ಕಾಣುವುದಿಲ್ಲವೆಂದು ಅಲ್ಲಿ ಬಲೆ ಹಾಕುವವರು ಪದೇ ಪದೇ ಹೇಳಿದ್ದು. ಎರಡನೆಯದು ನಾನೇ ಕಣ್ಣಾರೆ ಕಂಡದ್ದು. ಪರೀಕ್ಷೆಯ ನಾಲ್ಕು ದಿನಗಳಲ್ಲಿ ಮೀನುಗಳಿಗೆ ತಿನಿಸು ಹಾಕುವಂತಿಲ್ಲ. ಐದನೆಯ ದಿನ ಬೆಳಿಗ್ಗೆ ಉಳಿದ ಮೀನುಗಳಿಗೆ ತಿನಿಸು ಹಾಕಿದಾಗ, ಕೀಟನಾಶಕವಿಲ್ಲದ ನಿಯಂತ್ರಣ ತೊಟ್ಟಿಯ ಮರಿಗಳು ನನ್ನ ಕೈಯ ನೆರಳು ಬೀಳುತ್ತಿದ್ದಂತೆ ಮೇಲೆ ನುಗ್ಗಿ ಎಲ್ಲವನ್ನೂ ಕ್ಷಣದಲ್ಲಿ ಮುಗಿಸಿದವು. ಅತಿ ಕಡಿಮೆ ಸಾಂದ್ರತೆಯ ತೊಟ್ಟಿಯಲ್ಲಿ ಒಂದು ಮೀನೂ ಸತ್ತಿರಲಿಲ್ಲ, ಆದರೆ ಅಲ್ಲಿನ ಮರಿಗಳು ತಿನಿಸಿನ ಕಾಳಿನ ಹತ್ತಿರ ಬಂದು, ಬಾಯಿ ತೆರೆದು, ಅದರ ಪಕ್ಕದ ನೀರನ್ನು ಕಚ್ಚಿ ಹಿಂದಿರುಗುತ್ತಿದ್ದವು. ಕಾಳುಗಳು ನೆನೆದು ತಳಕ್ಕಿಳಿಯುವವರೆಗೂ ಹಾಗೆಯೇ ಉಳಿದವು. ನನ್ನ ಕೋಷ್ಟಕದಲ್ಲಿ ‘ಬದುಕಿದೆ’, ‘ಸತ್ತಿದೆ’ ಎಂಬ ಎರಡೇ ಅಂಕಣಗಳಿದ್ದುದರಿಂದ ಆ ತೊಟ್ಟಿಯ ಎದುರು ‘ಎಲ್ಲವೂ ಬದುಕಿವೆ’ ಎಂದು ಬರೆದೆ.

ಹೀಗಿರುವಾಗ ‘ಅಪಾಯವಿಲ್ಲ’ ಎಂಬ ಮಾತು ಸರಿಯೇ? ಸರಿಯಲ್ಲವಾದರೆ, ನನಗಿರುವ ಇನ್ನೊಂದು ವರ್ಷದಲ್ಲಿ ಏನನ್ನು ಅಳೆಯಬೇಕು?

ಉತ್ತರ 1 — ಜಲಜೀವಿ ವಿಷಶಾಸ್ತ್ರದ ಅಧ್ಯಾಪಕ

ನೀವು ಆ ವಾಕ್ಯವನ್ನು ಬರೆಯದೆ ನಿಲ್ಲಿಸಿದ್ದು ಒಳ್ಳೆಯದಾಯಿತು. ನಿಮ್ಮ ದತ್ತಾಂಶ ಅದನ್ನು ಹೇಳುವುದಿಲ್ಲ.

ಎಲ್‌ಸಿ50 ಎಂಬುದು ಒಂದೇ ಒಂದು ಪ್ರಶ್ನೆಗೆ ಉತ್ತರ: ಇಂಥ ಜಾತಿಯ, ಇಂಥ ವಯಸ್ಸಿನ ಮೀನುಗಳನ್ನು, ಇಂಥ ಉಷ್ಣತೆಯ ಶುದ್ಧ ನೀರಿನಲ್ಲಿ, ನಾಲ್ಕು ದಿನ ಒಂದೇ ವಿಷಕ್ಕೆ ಒಡ್ಡಿದರೆ ಎಷ್ಟು ಸಾಂದ್ರತೆಯಲ್ಲಿ ಅರ್ಧದಷ್ಟು ಸಾಯುತ್ತವೆ? ಐದನೆಯ ದಿನ ಏನಾಯಿತು, ಬದುಕಿದವು ಹೇಗೆ ಬದುಕಿದವು, ಮೊಟ್ಟೆಯಿಟ್ಟವೇ, ಶತ್ರುವಿನಿಂದ ತಪ್ಪಿಸಿಕೊಂಡವೇ ಎಂಬುದು ಅದರಲ್ಲಿಲ್ಲ. ಜೊತೆಗೆ, ಸಾಂದ್ರತೆ ಏರಿದಂತೆ ಸಾವು ಹೇಗೆ ಏರುತ್ತದೆಂದು ತೋರಿಸುವ ನಿಮ್ಮ ಪ್ರಾಬಿಟ್ ರೇಖೆಯ ಇಳಿಜಾರನ್ನೂ ನೋಡಿ. ಎರಡು ವಿಷಗಳ ಎಲ್‌ಸಿ50 ಒಂದೇ ಆಗಿದ್ದರೂ ರೇಖೆ ಕಡಿದಾಗಿರುವುದು ಒಂದು ಬಗೆ, ನಿಧಾನವಾಗಿ ಏರುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಎಲ್‌ಸಿ50ಗಿಂತ ಬಹಳ ಕೆಳಗೂ ಕೆಲವು ಮೀನುಗಳು ಸಾಯುತ್ತಲೇ ಇರುತ್ತವೆ.

ಇನ್ನು ‘ನೂರರಲ್ಲೊಂದು’ ಎಂಬ ಅಂಕಿ. ಐರೋಪ್ಯ ಒಕ್ಕೂಟದಲ್ಲಿ ಕೀಟನಾಶಕಕ್ಕೆ ಅನುಮತಿ ಕೊಡುವ ಮೊದಲ ಹಂತದ ಮೌಲ್ಯಮಾಪನದಲ್ಲಿ ಮೀನಿನ ಎಲ್‌ಸಿ50ಯನ್ನು ನೂರರಿಂದ ಭಾಗಿಸಿಯೇ ಲೆಕ್ಕ ಶುರು ಮಾಡುತ್ತಾರೆ. ಒಂದು ಜಾತಿಯಿಂದ ಇನ್ನೊಂದು ಜಾತಿಗೆ, ಪ್ರಯೋಗಾಲಯದಿಂದ ಹೊರಗಿನ ನೀರಿಗೆ, ತೀವ್ರ ಪರಿಣಾಮದಿಂದ ದೀರ್ಘಕಾಲದ ಪರಿಣಾಮಕ್ಕೆ ಹೋಗುವಾಗ ಇರುವ ಅನಿಶ್ಚಿತತೆಗೆಲ್ಲ ಅದು ಕಟ್ಟಿದ ಬೆಲೆ. ಆದ್ದರಿಂದ ನಿಮ್ಮ ಕೆರೆಯ ನೀರು ಆ ಗೆರೆಯ ಸ್ವಲ್ಪ ಕೆಳಗಿದೆ ಎಂದಷ್ಟೇ ಹೇಳಬಹುದು. ಅದೂ ನೀವು ನೀರು ತಂದ ದಿನಗಳ ಮಟ್ಟಿಗೆ, ನೀವು ಹುಡುಕಿದ ಒಂದು ರಾಸಾಯನಿಕದ ಮಟ್ಟಿಗೆ.

ನಿಮ್ಮ ಮರಿಗಳು ಕಾಳಿನ ಪಕ್ಕದ ನೀರನ್ನು ಕಚ್ಚಿದವು ಎಂದಿರಲ್ಲ, ಇಡೀ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ. ಕ್ಲೋರ್‌ಪೈರಿಫಾಸ್ ಮೀನಿನ ದೇಹದೊಳಗೆ ಹೋದ ಮೇಲೆ, ಮುಖ್ಯವಾಗಿ ಯಕೃತ್ತಿನಲ್ಲಿ, ಆಕ್ಸಾನ್ ಎಂಬ ರೂಪಕ್ಕೆ ಬದಲಾಗುತ್ತದೆ. ಆ ಆಕ್ಸಾನ್ ನರತಂತುಗಳ ಸಂಧಿಯಲ್ಲಿರುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಷ್ಕ್ರಿಯಗೊಳಿಸುತ್ತದೆ. ಒಂದು ನರ ಇನ್ನೊಂದಕ್ಕೆ ಸಂದೇಶ ಕೊಟ್ಟ ಮೇಲೆ ಅಲ್ಲಿ ಉಳಿದ ಅಸಿಟೈಲ್‌ಕೋಲಿನ್ ಅನ್ನು ಒಡೆದು ಜಾಗ ತೆರವು ಮಾಡುವುದು ಈ ಕಿಣ್ವದ ಕೆಲಸ. ಕಿಣ್ವ ನಿಂತರೆ ಸಂದೇಶ ನಿಲ್ಲುವುದೇ ಇಲ್ಲ. ಸ್ನಾಯುಗಳು ಬಿಗಿಯುತ್ತವೆ, ಚಲನೆಯ ಹೊಂದಾಣಿಕೆ ತಪ್ಪುತ್ತದೆ. ಸಾವು ಇದರ ಕೊನೆಯ ಹಂತ. ಅದಕ್ಕೆ ಬಹಳ ಮುಂಚೆಯೇ ಮೀನು ಗುರಿ ತಪ್ಪುತ್ತದೆ, ಗುಂಪಿನಿಂದ ಬೇರೆಯಾಗುತ್ತದೆ, ಕಿವಿರಿನ ಮುಚ್ಚಳವನ್ನು ವೇಗವಾಗಿ ಬಡಿಯುತ್ತದೆ, ಮೈಮೇಲೆ ಲೋಳೆ ಹೆಚ್ಚಾಗುತ್ತದೆ.

ಗಾಜಿನ ತೊಟ್ಟಿಯಲ್ಲಿ ಗುರಿ ತಪ್ಪಿದ ಮೀನು ಬದುಕುತ್ತದೆ, ಕೆರೆಯಲ್ಲಿ ಅದನ್ನು ಬೇರೊಂದು ಮೀನೋ ಹಕ್ಕಿಯೋ ತಿನ್ನುತ್ತದೆ. ಆ ಸಾವಿನ ಲೆಕ್ಕವನ್ನು ಯಾರೂ ಕೀಟನಾಶಕದ ಖಾತೆಗೆ ಬರೆಯುವುದಿಲ್ಲ. ಚಿನೂಕ್ ಸಾಲ್ಮನ್ ಮೀನುಗಳ ಮೇಲೆ ಇದೇ ಗುಂಪಿನ ಡಯಾಜಿನಾನ್ ಎಂಬ ಕೀಟನಾಶಕ ಬಳಸಿ ನಡೆಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೀಟರಿಗೆ ಒಂದೇ ಒಂದು ಮೈಕ್ರೋಗ್ರಾಂ ಪ್ರಮಾಣದಲ್ಲಿ ಮೀನುಗಳು ಅಪಾಯದ ವಾಸನೆಗೆ ತೋರುವ ಪ್ರತಿಕ್ರಿಯೆ ಕುಂದಿತ್ತು. ಗಾಯಗೊಂಡ ಮೀನಿನ ಚರ್ಮದಿಂದ ನೀರಿಗೆ ಸೇರುವ ವಾಸನೆ ಬಂದಾಗ ಉಳಿದ ಮೀನುಗಳು ಅಲುಗಾಡದೆ ನಿಲ್ಲಬೇಕು, ತಿನ್ನುವುದನ್ನು ಬಿಡಬೇಕು. ಅವು ಹಾಗೆ ಮಾಡಲಿಲ್ಲ.

ತೀವ್ರ ವಿಷತ್ವ ಪರೀಕ್ಷೆಗೆ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ರೂಪಿಸಿದ ಮಾರ್ಗಸೂಚಿ 203ನ್ನು 2019ರಲ್ಲಿ ಪರಿಷ್ಕರಿಸಿದಾಗ, ಸಾವಿನ ಜೊತೆಗೆ ಕಣ್ಣಿಗೆ ಕಾಣುವ ಅಸಹಜ ಲಕ್ಷಣಗಳನ್ನೂ ವಿವರವಾಗಿ ದಾಖಲಿಸಬೇಕೆಂಬುದಕ್ಕೆ ಹೆಚ್ಚಿನ ಒತ್ತು ಕೊಟ್ಟಿದ್ದಾರೆ. ಸಮತೋಲನ ತಪ್ಪುವುದು, ಮೇಲ್ಮೈಗೆ ಬಂದು ಗಾಳಿ ನುಂಗುವುದು, ಮೈಬಣ್ಣ ಬದಲಾಗುವುದು, ಇವೆಲ್ಲ ಅದರಲ್ಲಿವೆ. ನಿಮ್ಮ ಹಳೆಯ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಏನಾದರೂ ಗೀಚಿದ್ದರೆ ಅದನ್ನು ಎಸೆಯಬೇಡಿ.

ಉತ್ತರ 2 — ನೀರಿನ ರಾಸಾಯನಿಕ ವಿಶ್ಲೇಷಣೆ ಮಾಡುವವರು

ಮೇಲಿನವರು ಮೀನಿನ ಕಡೆಯಿಂದ ಹೇಳಿದ್ದಾರೆ, ನಾನು ನೀರಿನ ಕಡೆಯಿಂದ ಹೇಳುತ್ತೇನೆ. ತಿಂಗಳಿಗೊಮ್ಮೆ ತಂದ ಮಾದರಿಯಲ್ಲಿ ಕೀಟನಾಶಕ ಸಿಗಲಿಲ್ಲವೆಂದರೆ ಆ ದಿನ, ಆ ಜಾಗದಲ್ಲಿ, ಆ ಬಾಟಲಿಯಲ್ಲಿ ಸಿಗಲಿಲ್ಲವೆಂದು ಮಾತ್ರ ಅರ್ಥ.

ಹೊಲದಿಂದ ಕೀಟನಾಶಕ ಕೆರೆಗೆ ಬರುವುದು ದಿನವೂ ಒಂದೇ ಸಮನೆ ಅಲ್ಲ. ಸಿಂಪಡಣೆಯಾದ ಮೇಲೆ ಬೀಳುವ ಮೊದಲ ಜೋರು ಮಳೆಯಲ್ಲಿ ಅದು ಒಮ್ಮೆಲೇ ಹರಿದು ಬರುತ್ತದೆ. ಕಾಲುವೆ ಕೆರೆಯನ್ನು ಸೇರುವ ಬಾಯಿಯಲ್ಲಿ ಸಾಂದ್ರತೆ ಕೆಲವು ಗಂಟೆಗಳ ಕಾಲ ಏರಿ, ಆಮೇಲೆ ನೀರಿನಲ್ಲಿ ಬೆರೆತು, ಹೂಳಿಗೆ ಅಂಟಿ, ಬಿಸಿಲಿಗೆ ಒಡೆದು ಇಳಿಯುತ್ತದೆ. ಮೀನು ಮರಿಗಳು ಇರುವುದೂ ಆ ಬಾಯಿಯ ಹತ್ತಿರದ, ಜೊಂಡು ಬೆಳೆದ, ಮೊಣಕಾಲುದ್ದದ ನೀರಿನಲ್ಲೇ. ನೀವು ಎರಡು ವಾರದ ನಂತರ, ಕೆರೆಯ ಏರಿಯ ಮೇಲೆ ನಿಂತು, ಆಳದ ಕಡೆಯ ನೀರನ್ನು ತುಂಬಿಕೊಂಡು ಬಂದಿದ್ದರೆ ಆ ಏರಿಕೆಯ ಸುಳಿವೂ ಅದರಲ್ಲಿರುವುದಿಲ್ಲ.

ಕ್ಲೋರ್‌ಪೈರಿಫಾಸ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವಲ್ಲ. ಜೈವಿಕ ಕೊಬ್ಬಿಗೂ ಮಣ್ಣಿನ ಕಣಗಳಿಗೂ ಅಂಟಿಕೊಳ್ಳುವ ಗುಣ ಅದಕ್ಕಿದೆ. ಸೈಪರ್‌ಮೆಥ್ರಿನ್‌ನಂಥ, ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಲ್ಲಿ ಈ ಗುಣ ಇನ್ನೂ ಹೆಚ್ಚು. ಅವು ಬಾಟಲಿಯ ಗೋಡೆಗೇ ಅಂಟಿಕೊಂಡು ಉಳಿಯುತ್ತವೆ. ಆದ್ದರಿಂದ ಕಂದು ಬಣ್ಣದ ಗಾಜಿನ ಬಾಟಲಿಯನ್ನೇ ಬಳಸಬೇಕು, ಮಾದರಿಯನ್ನು ತಂಪುಪೆಟ್ಟಿಗೆಯಲ್ಲಿ ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿಟ್ಟು ಬೇಗ ತಲುಪಿಸಬೇಕು, ಬಾಟಲಿಯ ಒಳಗೋಡೆಯನ್ನು ದ್ರಾವಕದಿಂದ ತೊಳೆದು ಆ ತೊಳೆತವನ್ನೂ ಸಾರಕ್ಕೆ ಸೇರಿಸಬೇಕು. ನೀರನ್ನು ಮೊದಲೇ ಸೋಸಿದ್ದರೆ ಕಣಗಳಿಗೆ ಅಂಟಿದ ಪಾಲು ಸೋಸುಹಾಳೆಯಲ್ಲೇ ಹೋಗಿರುತ್ತದೆ. ನಿಮಗೆ ಕೊಟ್ಟ ವರದಿಯಲ್ಲಿ ಪತ್ತೆ ಮಿತಿ, ಅಂದರೆ ಆ ಪರೀಕ್ಷೆ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ, ಎಷ್ಟೆಂದು ಬರೆದಿದೆಯೇ ನೋಡಿ. ಅದಿಲ್ಲದೆ ‘ಪತ್ತೆಯಾಗಿಲ್ಲ’ ಎಂಬ ಮಾತಿಗೆ ಅರ್ಥವೇ ಇಲ್ಲ.

ಪೈರೆಥ್ರಾಯ್ಡ್‌ಗಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಸಸ್ತನಿಗಳು ಇವುಗಳನ್ನು ಬೇಗ ಒಡೆದು ಹೊರಹಾಕುತ್ತವೆ. ಮೀನುಗಳಿಗೆ ಆ ಶಕ್ತಿ ಕಡಿಮೆ, ಮೇಲಾಗಿ ಕಿವಿರುಗಳ ಮೂಲಕ ಇವು ಸಲೀಸಾಗಿ ರಕ್ತಕ್ಕೆ ಸೇರುತ್ತವೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸಾಂದ್ರತೆಯಲ್ಲಿ ಮೀನುಗಳು ಸಾಯುವ ಉದಾಹರಣೆಗಳು ಬಹಳ. ನೀವು ಕೇಳಿದ್ದು ಒಂದು ರಾಸಾಯನಿಕವನ್ನು, ಪ್ರಯೋಗಾಲಯ ಹುಡುಕಿದ್ದೂ ಅದನ್ನೇ. ಕೆರೆಯ ಜಲಾನಯನದಲ್ಲಿ ಆ ಹಂಗಾಮಿನಲ್ಲಿ ಏನೇನು ಸಿಂಪಡಿಸಿದರೆಂದು ಬೇಸಾಯ ಮಾಡುವವರನ್ನೇ ಕೇಳಿ ಪಟ್ಟಿ ಮಾಡಿಕೊಳ್ಳದೆ ಪ್ರಯೋಗಾಲಯಕ್ಕೆ ನೀರು ಕಳಿಸಬಾರದು.

ಒಂದು ಕೀಟನಾಶಕ ಮಾತ್ರ ಇರುವ ಕೆರೆ ಅಪರೂಪ. ಕೋಹೋ ಸಾಲ್ಮನ್ ಮರಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಕೆಲಸದಲ್ಲಿ, ಒಂದೊಂದೇ ಆಗಿದ್ದಾಗ ಕೊಲ್ಲದ ಪ್ರಮಾಣದ ಆರ್ಗನೋಫಾಸ್ಫೇಟ್‌ಗಳು (ಕ್ಲೋರ್‌ಪೈರಿಫಾಸ್ ಸೇರಿರುವ ಕೀಟನಾಶಕಗಳ ಗುಂಪು) ಜೋಡಿಯಾದಾಗ ಮೀನುಗಳನ್ನು ಕೊಂದವು. ಒಂದರ ಜೊತೆಗೆ ಒಂದು ಸೇರಿದರೆ ಎರಡು ಎಂಬ ಲೆಕ್ಕ ಅಲ್ಲಿ ನಡೆಯಲಿಲ್ಲ.

ಸಾಧ್ಯವಿದ್ದರೆ ವಾರಗಟ್ಟಲೆ ನೀರಿನಲ್ಲೇ ಇಳಿಬಿಡುವ ಪ್ಯಾಸಿವ್ ಸ್ಯಾಂಪ್ಲರ್‌ಗಳನ್ನು ಬಳಸಿ. ಅವು ಆ ಅವಧಿಯಲ್ಲಿ ಬಂದುಹೋದದ್ದನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಅದು ಆಗದಿದ್ದರೆ ಮಳೆ ಬಿದ್ದ ಮೊದಲ ದಿನವೇ ಕಾಲುವೆಯ ಬಾಯಿಗೆ ಹೋಗಿ, ಕೆಲವು ಗಂಟೆಗಳಿಗೊಮ್ಮೆ ನೀರು ತುಂಬಿಕೊಳ್ಳಿ. ಹನ್ನೆರಡು ತಿಂಗಳ ಹನ್ನೆರಡು ಬಾಟಲಿಗಿಂತ ಆ ಒಂದು ದಿನದ ಹನ್ನೆರಡು ಬಾಟಲಿ ನಿಮಗೆ ಹೆಚ್ಚು ಹೇಳುತ್ತವೆ.

ಉತ್ತರ 3 — ಒಳನಾಡು ಮೀನುಗಾರಿಕೆಯಲ್ಲಿ ಕೆಲಸ ಮಾಡಿದವರು

ಹಿಂದಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಮೀನು ಕಡಿಮೆಯಾಯಿತೆಂದರೆ ಎಲ್ಲರೂ ಮೊದಲು ಕೀಟನಾಶಕದತ್ತ ಬೆರಳು ತೋರಿಸುತ್ತಾರೆ. ಮೀನುಗಳು ಸಾಮೂಹಿಕವಾಗಿ ಸತ್ತ ಕೆರೆಗಳಿಗೆ ವರ್ಷಗಟ್ಟಲೆ ಓಡಾಡಿದವನಾಗಿ ಹೇಳುವುದಾದರೆ, ನಾನು ಮೊದಲು ಕೇಳುತ್ತಿದ್ದದ್ದು ಕರಗಿದ ಆಮ್ಲಜನಕದ ಬಗ್ಗೆ.

ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ನ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 9.1 ಮಿಲಿಗ್ರಾಂ, ಮೂವತ್ತು ಡಿಗ್ರಿಯಲ್ಲಿ ಅದು ಸುಮಾರು 7.6ಕ್ಕೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ನೀರಿನಲ್ಲಿ ಇರುವುದು ಕಡಿಮೆ. ಗೊಬ್ಬರ ಹರಿದು ಬಂದು ಪಾಚಿ ಹಸಿರುಗಟ್ಟಿದ ಕೆರೆಯಲ್ಲಿ ಹಗಲು ಆಮ್ಲಜನಕ ತುಂಬಿ ತುಳುಕುತ್ತದೆ. ರಾತ್ರಿಯೆಲ್ಲ ಅದೇ ಪಾಚಿ ಉಸಿರಾಡಿ, ಬೆಳಗಿನ ಜಾವದ ಹೊತ್ತಿಗೆ ಎರಡು ಮಿಲಿಗ್ರಾಂಗಿಂತ ಕೆಳಗೆ ಇಳಿಸಿಬಿಡಬಹುದು. ಹನ್ನೊಂದು ಗಂಟೆಗೆ ಹೋಗಿ ಅಳೆದವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ನಾನು ನಾಲ್ಕೂವರೆಗೆ ಟಾರ್ಚು ಹಿಡಿದು ಹೋಗಿ, ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನಕ್ಕಾಗಿ ದಡದಲ್ಲೇ ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಿ ನೋಡುತ್ತಿದ್ದೆ. ಆಮ್ಲಜನಕವಿದ್ದರೆ ದಟ್ಟ ಕಂದು ಬಣ್ಣದ ಗಸಿ ಬರಬೇಕು. ಬಾಟಲಿಯಲ್ಲಿ ಬಿಳಿಯ ಗಸಿ ಮೋಡದಂತೆ ಇಳಿದರೆ ಟೈಟ್ರೇಶನ್ ಮಾಡುವ ಮೊದಲೇ ವಿಷಯ ತಿಳಿಯುತ್ತಿತ್ತು.

ಅದೇ ಹಸಿರು ಕೆರೆಯಲ್ಲಿ ಮಧ್ಯಾಹ್ನ ಇನ್ನೊಂದು ಅಪಾಯವಿದೆ. ಪಾಚಿ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡಾಗ ನೀರಿನ ಪಿಎಚ್ ಏರುತ್ತದೆ, ಪಿಎಚ್ ಏರಿದಂತೆ ಅಮೋನಿಯಾದ ವಿಷಕಾರಿ ರೂಪದ ಪಾಲು ಏರುತ್ತದೆ. ಇಪ್ಪತ್ತೈದು ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಶೇ. ಒಂದಕ್ಕಿಂತ ಕಡಿಮೆ ಇರುವ ಆ ಪಾಲು ಪಿಎಚ್ 9ಕ್ಕೆ ಹೋದಾಗ ಮೂರನೆಯ ಒಂದು ಭಾಗವನ್ನು ದಾಟುತ್ತದೆ.

ಸತ್ತ ಮೀನುಗಳನ್ನು ನೋಡಿಯೂ ಕೆಲವು ಸುಳಿವು ಸಿಗುತ್ತವೆ. ಆಮ್ಲಜನಕ ಸಾಲದೆ ಸತ್ತಿದ್ದರೆ ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಹೋಗುತ್ತವೆ, ಬಾಯಿ ತೆರೆದಿರುತ್ತದೆ, ಕಿವಿರಿನ ಮುಚ್ಚಳ ಅಗಲಿಸಿರುತ್ತದೆ, ಸಾವು ಹೆಚ್ಚಾಗಿ ಬೆಳಗಿನ ಜಾವ ಕಾಣಿಸುತ್ತದೆ. ಕೀಟನಾಶಕದಿಂದಾಗಿದ್ದರೆ ಹೆಚ್ಚಾಗಿ ಮರಿಗಳು ಮೊದಲು ಸಾಯುತ್ತವೆ, ಹೊತ್ತಿನ ಹಂಗಿಲ್ಲ, ಬದುಕಿದವು ಸುತ್ತುತ್ತಲೋ ನಡುಗುತ್ತಲೋ ಈಜುತ್ತಿರುತ್ತವೆ. ಮೀನಿನ ಜೊತೆಗೆ ಸಿಗಡಿ, ನೀರುಕೀಟಗಳೂ ಸತ್ತಿರುತ್ತವೆ, ಪಾಚಿ ಮಾತ್ರ ಹಸಿರಾಗಿಯೇ ಇರುತ್ತದೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು, ಬೆಂಕಿ ಆರಿಸಿದ ನೀರಿನ ಜೊತೆ ಕೀಟನಾಶಕಗಳು ರೈನ್ ನದಿಗೆ ಹರಿದಾಗ, ತಳದಲ್ಲಿ ವಾಸಿಸುವ ಈಲ್ ಮೀನುಗಳು ನೂರಾರು ಕಿಲೋಮೀಟರ್ ಉದ್ದಕ್ಕೂ ರಾಶಿರಾಶಿಯಾಗಿ ಸತ್ತವು. ಅಂಥ ಘಟನೆಯಲ್ಲಿ ಕಾರಣ ಹುಡುಕಬೇಕಾಗಿಲ್ಲ. ನಿಮ್ಮ ಕೆರೆಯಲ್ಲಿ ನಡೆದಿರುವುದು ಹಾಗಲ್ಲ, ನಿಧಾನದ ಇಳಿಕೆ. ಅದಕ್ಕೆ ಹೂಳು, ಜೊಂಡು ಕಿತ್ತದ್ದು, ಮರಿಗಳನ್ನು ತಿನ್ನುವ ಹೊಸ ಮೀನು ಬಿಟ್ಟದ್ದು, ಸಣ್ಣ ಕಣ್ಣಿನ ಬಲೆ, ಇವೆಲ್ಲವೂ ಕಾರಣವಾಗಬಲ್ಲವು. ಅವನ್ನು ನೋಡದೆ ಕೀಟನಾಶಕವೇ ಕಾರಣವೆಂದು ಬರೆದರೆ ‘ಅಪಾಯವಿಲ್ಲ’ ಎಂದು ಬರೆದಷ್ಟೇ ತಪ್ಪಾಗುತ್ತದೆ.

ಮರುಪ್ರಶ್ನೆ — ಸಂಶೋಧನಾ ವಿದ್ಯಾರ್ಥಿನಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು: ನಾನು ನೀರು ತಂದದ್ದು ಪ್ಲಾಸ್ಟಿಕ್ ಕ್ಯಾನಿನಲ್ಲಿ, ಹೆಚ್ಚಿನ ಸಲ ಮಧ್ಯಾಹ್ನ, ಏರಿಯ ಕಡೆಯಿಂದ. ವರದಿಯಲ್ಲಿ ಪತ್ತೆ ಮಿತಿ ಇದೆ, ಆದರೆ ಅದು ನನ್ನ ಎಲ್‌ಸಿ50ಯ ನೂರರಲ್ಲೊಂದು ಪಾಲಿಗಿಂತ ಅಷ್ಟೇನೂ ಕೆಳಗಿಲ್ಲ.

ಕೆರೆಯಿಂದಲೇ ಮೀನು ಹಿಡಿದು, ಮಿದುಳಿನ ಅಸಿಟೈಲ್‌ಕೋಲಿನೆಸ್ಟರೇಸ್ ಚಟುವಟಿಕೆಯನ್ನು ಎಲ್‌ಮನ್ ವಿಧಾನದಲ್ಲಿ ಅಳೆಯೋಣವೆಂದು ಮಾರ್ಗದರ್ಶಕರು ಈಗ ಒಪ್ಪಿದ್ದಾರೆ. ಅದು ಪ್ರಯೋಗಾಲಯದ ನಿಯಂತ್ರಣ ಮೀನುಗಳಿಗಿಂತ ಕಡಿಮೆ ಬಂದರೆ ಕೀಟನಾಶಕದ ಪರಿಣಾಮವೆಂದು ಸಾಬೀತಾದಂತಾಗುತ್ತದೆಯೇ?

ಉತ್ತರ 4 — ಜಲಜೀವಿ ವಿಷಶಾಸ್ತ್ರದ ಅಧ್ಯಾಪಕ

ಅಳೆಯಿರಿ, ಆದರೆ ಹೋಲಿಕೆಯನ್ನು ಬದಲಿಸಿ. ತೊಟ್ಟಿಯಲ್ಲಿ ಬೆಳೆದ ಗೆಂಡೆಯ ಕಿಣ್ವವನ್ನು ಕೆರೆಯ ಗೆಂಡೆಯ ಕಿಣ್ವದೊಂದಿಗೆ ಹೋಲಿಸುವಂತಿಲ್ಲ. ಈ ಕಿಣ್ವದ ಮಟ್ಟ ಜಾತಿಯಿಂದ ಜಾತಿಗೆ ಮಾತ್ರವಲ್ಲ, ಮೀನಿನ ಗಾತ್ರ, ನೀರಿನ ಉಷ್ಣತೆ, ಋತುಗಳ ಜೊತೆಗೂ ಬದಲಾಗುತ್ತದೆ. ಬೇಸಾಯದ ನೀರು ಸೇರದ, ಅದೇ ಆಳ, ಅದೇ ಉಷ್ಣತೆಯ ಇನ್ನೊಂದು ಕೆರೆಯ ಅದೇ ಗಾತ್ರದ ಮೀನುಗಳನ್ನು ಅದೇ ವಾರದಲ್ಲಿ ಹಿಡಿದು ಹೋಲಿಸಿ. ಅದಕ್ಕಿಂತ ಉತ್ತಮ ದಾರಿಯೆಂದರೆ, ಒಂದೇ ಮರಿ ಉತ್ಪಾದನಾ ಕೇಂದ್ರದಿಂದ ತಂದ ಮರಿಗಳನ್ನು ಬಲೆಯ ಪಂಜರಗಳಲ್ಲಿ ಹಾಕಿ, ಕೆಲವನ್ನು ಕಾಲುವೆಯ ಬಾಯಿಯಲ್ಲಿ, ಕೆಲವನ್ನು ದೂರದಲ್ಲಿ ಇಳಿಬಿಟ್ಟು, ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಕೆಲವು ಸಲ ತೆಗೆದು ಅಳೆಯುವುದು. ಆಗ ಅದೇ ಮೀನಿನ ಸಂತತಿ, ಅದೇ ವಯಸ್ಸು. ಬದಲಾಗುವುದು ನೀರು ಮಾತ್ರ.

ಈ ಕಿಣ್ವದಿಂದ ನಿಮಗಾಗುವ ದೊಡ್ಡ ಪ್ರಯೋಜನ ಕಾಲಕ್ಕೆ ಸಂಬಂಧಿಸಿದ್ದು. ನೀರಿನಲ್ಲಿ ಏರಿದ ಸಾಂದ್ರತೆ ದಿನಗಳಲ್ಲಿ ಇಳಿದುಹೋದರೂ, ಆರ್ಗನೋಫಾಸ್ಫೇಟ್ ಹಿಡಿದ ಮಿದುಳಿನ ಕಿಣ್ವ ಮೊದಲಿನ ಮಟ್ಟಕ್ಕೆ ಬರಲು ವಾರಗಳು ಬೇಕು, ಏಕೆಂದರೆ ಮೀನು ಹೊಸ ಕಿಣ್ವವನ್ನೇ ತಯಾರಿಸಿಕೊಳ್ಳಬೇಕಾಗುತ್ತದೆ. ನಿಮ್ಮ ಕ್ಯಾನಿನಲ್ಲಿ ಸಿಗದೆ ಹೋದದ್ದು ಮೀನಿನ ತಲೆಯಲ್ಲಿ ಸಿಗುವ ಸಾಧ್ಯತೆಯಿದೆ. ಸಾಮಾನ್ಯ ಮಟ್ಟಕ್ಕಿಂತ ಶೇ. 20ಕ್ಕೂ ಹೆಚ್ಚು ಇಳಿದಿದ್ದರೆ ಒಡ್ಡುವಿಕೆಯ ಸೂಚನೆಯೆಂದು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಸೂಚನೆ ಎಂಬ ಪದವನ್ನೇ ನೀವೂ ಬಳಸಿ. ಒಡ್ಡುವಿಕೆ ಬೇರೆ, ಹಾನಿ ಬೇರೆ.

ಇನ್ನೊಂದು ತೊಡಕಿದೆ. ನಿಮ್ಮ ಕೆರೆ ಹಸಿರುಗಟ್ಟಿದ್ದರೆ, ಕೆಲವು ಸಯನೋಬ್ಯಾಕ್ಟೀರಿಯಾಗಳು (ನೀಲಿ-ಹಸಿರು ಪಾಚಿಗಳು) ತಯಾರಿಸುವ ಗ್ವಾನಿಟಾಕ್ಸಿನ್ ಎಂಬ ವಸ್ತು ಇದೇ ಕಿಣ್ವವನ್ನು ತಡೆಯುತ್ತದೆ. ಅದೂ ಒಂದು ಆರ್ಗನೋಫಾಸ್ಫೇಟೇ, ಆದರೆ ಪ್ರಕೃತಿಯದು. ಕೆಲವು ಲೋಹಗಳೂ ಕಿಣ್ವವನ್ನು ತಗ್ಗಿಸುತ್ತವೆ. ಅದೇ ಮಿದುಳಿನ ಸಾರವನ್ನು ಎರಡು ಪಾಲು ಮಾಡಿ, ಒಂದಕ್ಕೆ, ಕಿಣ್ವವನ್ನು ಆರ್ಗನೋಫಾಸ್ಫೇಟ್ ಹಿಡಿತದಿಂದ ಬಿಡಿಸಬಲ್ಲ 2-ಪ್ಯಾಮ್ ಎಂಬ ಆಕ್ಸೈಮ್ ಸೇರಿಸಿ ಸ್ವಲ್ಪ ಹೊತ್ತು ಇಟ್ಟು ಅಳೆಯಿರಿ. ಚಟುವಟಿಕೆ ಮತ್ತೆ ಏರಿದರೆ ಆರ್ಗನೋಫಾಸ್ಫೇಟ್ ಕೀಟನಾಶಕದ ಕಡೆಗೆ ವಾದ ಗಟ್ಟಿಯಾಗುತ್ತದೆ. ಏರದಿದ್ದರೆ ಕೀಟನಾಶಕ ಇರಲಿಲ್ಲವೆಂದು ಅಲ್ಲ, ಹಿಡಿತ ಹಳೆಯದಾದಷ್ಟೂ ಆಕ್ಸೈಮ್ ಅದನ್ನು ಬಿಡಿಸಲಾರದು. ಕಾರ್ಬಮೇಟ್ ಎಂಬ ಇನ್ನೊಂದು ಗುಂಪಿನ ಕೀಟನಾಶಕಗಳಾದರೆ ಕಿಣ್ವವನ್ನು ತಾವಾಗಿಯೇ ಬಿಟ್ಟುಹೋಗುತ್ತವೆ, ಆದ್ದರಿಂದ ಮೀನನ್ನು ಹಿಡಿದ ಕೂಡಲೇ ಮಿದುಳನ್ನು ಮಂಜುಗಡ್ಡೆಯ ಮೇಲೆ ತೆಗೆದು ತಂಪಿನಲ್ಲಿಡಬೇಕು, ಬೇಗ ಅಳೆಯಬೇಕು. ಎಲ್‌ಮನ್ 1961ರಲ್ಲಿ ಪ್ರಕಟಿಸಿದ ವಿಧಾನ ಸರಳವಾದದ್ದೇ: ಕಿಣ್ವ ಅಸಿಟೈಲ್‌ಥಯೊಕೋಲಿನ್ ಅನ್ನು ಒಡೆದಷ್ಟೂ ದ್ರಾವಣ ಹಳದಿಯಾಗುತ್ತದೆ, 412 ನ್ಯಾನೋಮೀಟರಿನಲ್ಲಿ ಅಳೆಯುತ್ತೀರಿ. ನಿಯಂತ್ರಣದ ನಳಿಕೆ ಕಣ್ಣೆದುರೇ ಗಾಢವಾಗುತ್ತಿರುವಾಗ ಒಡ್ಡಿದ ಮೀನಿನ ನಳಿಕೆ ಮಾಸಲಾಗಿ ಉಳಿಯುವುದು ಉಪಕರಣಕ್ಕಿಂತ ಮೊದಲು ನಿಮಗೇ ಕಾಣುತ್ತದೆ.

ಕೇಳದಿದ್ದರೂ ಒಂದು ಮಾತು. ಒಂದು ಸಾಂದ್ರತೆಗೆ ಒಂದೇ ತೊಟ್ಟಿಯಿಟ್ಟು, ಅದರಲ್ಲಿದ್ದ ಹತ್ತು ಮೀನುಗಳನ್ನು ಹತ್ತು ಪುನರಾವೃತ್ತಿಗಳೆಂದು ಲೆಕ್ಕ ಹಾಕಿದ್ದೀರಾ? ಒಂದೇ ನೀರು ಕುಡಿದ ಹತ್ತು ಮೀನುಗಳು ಸಂಖ್ಯಾಶಾಸ್ತ್ರದ ಕಣ್ಣಿಗೆ ಒಂದೇ ತೊಟ್ಟಿ. ಮುಂದಿನ ವರ್ಷದ ಪ್ರಯೋಗದಲ್ಲಿ ಪ್ರತಿ ಸಾಂದ್ರತೆಗೂ ಕನಿಷ್ಠ ಮೂರು ತೊಟ್ಟಿಗಳಿರಲಿ, ಕೀಟನಾಶಕವನ್ನು ಕರಗಿಸಲು ಬಳಸಿದ ದ್ರಾವಕ ಮಾತ್ರ ಇರುವ ನಿಯಂತ್ರಣವೂ ಇರಲಿ, ಮತ್ತು ತೊಟ್ಟಿಯ ನೀರಿನಲ್ಲಿ ನಿಜಕ್ಕೂ ಎಷ್ಟು ಉಳಿದಿದೆಯೆಂದು ಆರಂಭದಲ್ಲೂ ಕೊನೆಯಲ್ಲೂ ಅಳೆಯಿರಿ.

ಉತ್ತರ 5 — ಕೆರೆಗಳ ಆಹಾರಜಾಲವನ್ನು ಅಧ್ಯಯನ ಮಾಡುವವರು

ಎಲ್ಲರೂ ಮೀನಿನ ಮೈಯನ್ನೇ ನೋಡುತ್ತಿದ್ದೀರಿ. ಮರಿಗಳು ಕಾಣುತ್ತಿಲ್ಲ ಎಂಬ ಮಾತನ್ನು ಕೇಳಿದಾಗ ನನಗೆ ಮೊದಲು ಹೊಳೆದದ್ದು ಅವುಗಳ ಊಟ.

ಮೊಟ್ಟೆಯಿಂದ ಬಂದ ಹಳದಿಯ ಚೀಲ ಕರಗಿದ ಕೂಡಲೇ ಮರಿಗೆ ಬಾಯಿಗೆ ಹಿಡಿಯುವಷ್ಟು ಸಣ್ಣ ಪ್ರಾಣಿಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳು, ಬೇಕು: ರೋಟಿಫರ್, ಆಮೇಲೆ ಡಾಫ್ನಿಯಾ ಜಾತಿಯವು, ಕೋಪೆಪಾಡ್‌ಗಳು. ಕೆಲವೇ ದಿನ ಅದು ಸಿಗದಿದ್ದರೆ ಮರಿ ಸಾಯುತ್ತದೆ. ಕೀಟಗಳನ್ನು ಕೊಲ್ಲಲು ಮಾಡಿದ ವಿಷ, ಕೀಟಗಳ ದೂರದ ಸಂಬಂಧಿಗಳಾದ ಡಾಫ್ನಿಯಾ, ಕೋಪೆಪಾಡ್‌ನಂಥ ಕಠಿಣಚರ್ಮಿಗಳನ್ನು ಮೀನಿಗಿಂತ ಬಹಳ ಕಡಿಮೆ ಪ್ರಮಾಣದಲ್ಲೇ ಕೊಲ್ಲುತ್ತದೆ. ಕ್ಲೋರ್‌ಪೈರಿಫಾಸ್ ವಿಷಯದಲ್ಲಿ ಡಾಫ್ನಿಯಾಗಳಿಗೆ ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆಯೇ ಸಾಕು. ಅಂದರೆ ಗೆಂಡೆಯ ಎಲ್‌ಸಿ50ಯ ನೂರರಲ್ಲೊಂದು ಪಾಲು ಗೆಂಡೆಗೆ ಏನೂ ಮಾಡದೆಯೇ ಅದರ ಮರಿಯ ತಟ್ಟೆಯನ್ನು ಖಾಲಿ ಮಾಡಬಲ್ಲದು.

ಜಪಾನಿನ ಶಿಂಜಿ ಸರೋವರದಲ್ಲಿ ಹೀಗೆಯೇ ಆಯಿತೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ವಾದಿಸಿದೆ. ಸುತ್ತಲಿನ ಭತ್ತದ ಗದ್ದೆಗಳಲ್ಲಿ 1993ರಲ್ಲಿ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ಬಳಕೆ ಶುರುವಾಯಿತು. ಆ ವರ್ಷದಿಂದಲೇ ವಸಂತಕಾಲದ ಪ್ರಾಣಿಪ್ಲವಕ ಕುಸಿಯಿತು. ಅದನ್ನು ತಿಂದು ಬದುಕುವ ಸ್ಮೆಲ್ಟ್ ಮೀನನ್ನು ವರ್ಷಕ್ಕೆ ಹಿಡಿಯುವ ಪ್ರಮಾಣ ಸರಾಸರಿ 240 ಟನ್ ಇದ್ದದ್ದು 22 ಟನ್ನಿಗೆ ಇಳಿಯಿತು. ಇಮಿಡಾಕ್ಲೋಪ್ರಿಡ್ ಮೀನಿಗೆ ನೇರವಾಗಿ ಅಷ್ಟೇನೂ ವಿಷಕಾರಿಯಲ್ಲ. ಮೀನಿನ ಎಲ್‌ಸಿ50ಯನ್ನೇ ನೋಡುತ್ತ ಕುಳಿತವರಿಗೆ ಆ ಕುಸಿತದ ಕಾರಣ ಎಂದಿಗೂ ಕಾಣುತ್ತಿರಲಿಲ್ಲ. ಕಾಲದ ಹೊಂದಾಣಿಕೆಯೊಂದೇ ಕಾರಣವನ್ನು ಸಾಬೀತು ಮಾಡುವುದಿಲ್ಲವೆಂಬ ಆಕ್ಷೇಪವನ್ನು ನಾನೂ ಗೌರವಿಸುತ್ತೇನೆ, ಆದರೆ ಕೀಟನಾಶಕಕ್ಕೂ ಮೀನಿಗೂ ಮಧ್ಯದ ಕೊಂಡಿಯಾದ ಪ್ಲವಕವನ್ನು ಅಳೆದು ತೋರಿಸಿದ್ದು ಆ ಕೆಲಸದ ಬಲ.

ಇದಕ್ಕೆ ವಿರುದ್ಧ ದಿಕ್ಕಿನ ದಾರಿಯೂ ಇದೆ. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್‌ನಲ್ಲಿ ಸಣ್ಣ ನುಸಿಗಳ ಕಾಟ ತಪ್ಪಿಸಲು 1949ರಲ್ಲಿ, ಏಳು ಕೋಟಿ ಪಾಲು ನೀರಿಗೆ ಒಂದು ಪಾಲಿನಷ್ಟು ಡಿಡಿಡಿ ಎಂಬ ಕೀಟನಾಶಕ ಹಾಕಿದರು. 1954 ಮತ್ತು 1957ರಲ್ಲಿ ಇನ್ನಷ್ಟು ಹಾಕಿದರು. ಅಷ್ಟು ತೆಳುವಾದದ್ದು ಪ್ಲವಕದಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಏರುತ್ತ ಹೋಗಿ, ಮೀನು ತಿನ್ನುವ ಗ್ರೀಬ್ ಹಕ್ಕಿಗಳ ಕೊಬ್ಬಿನಲ್ಲಿ ಹತ್ತು ಲಕ್ಷಕ್ಕೆ 1600 ಪಾಲಿನಷ್ಟಾಯಿತು, ಹಕ್ಕಿಗಳು ಸತ್ತವು. ಕೊಬ್ಬಿನಲ್ಲಿ ಕರಗಿ, ಒಡೆಯದೆ ಉಳಿಯುವ ವಸ್ತುಗಳಿಗೆ ಇದು ಸಹಜ. ಅದೇ ಬಗೆಯ ಚಿಂತೆಯಿಂದ ಎಂಡೋಸಲ್ಫಾನ್ 2011ರಲ್ಲಿ ಇಂಥ ಒಡೆಯದೆ ಉಳಿಯುವ ವಿಷವಸ್ತುಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ನೀವು ಅಧ್ಯಯನ ಮಾಡುತ್ತಿರುವ ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ ಸೇರಿದೆ.

ಭೂಮಿಯ ನೀರಿನಲ್ಲಿ ಸಿಹಿನೀರು ಶೇ. 2.5ರಷ್ಟು ಮಾತ್ರ, ಅದರಲ್ಲೂ ಬಹುಪಾಲು ಹಿಮ ಮತ್ತು ಅಂತರ್ಜಲ. ನದಿ, ಕೆರೆಗಳಾಗಿ ಮೇಲೆ ಕಾಣುವುದು ಅತ್ಯಲ್ಪ, ಮತ್ತು ಮೀನಿನ ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಅರ್ಧ ಆ ಅತ್ಯಲ್ಪದಲ್ಲಿವೆ. ಕಡಲಿನಲ್ಲಿ ಕರಗಿ ಕಾಣೆಯಾಗುವ ಪ್ರಮಾಣ ಒಂದು ಕೆರೆಯ ಮೂಲೆಯಲ್ಲಿ ಕಾಣೆಯಾಗುವುದಿಲ್ಲ. ಪ್ಲವಕದ ಬಲೆಯೊಂದನ್ನು ತೆಗೆದುಕೊಂಡು ಹೋಗಿ. ಅರವತ್ತು ಮೈಕ್ರಾನ್ ಆಸುಪಾಸಿನ ಬಟ್ಟೆಯಿದ್ದರೆ ಸಾಕು. ಮಳೆಯ ಹಿಂದಿನ ವಾರ ಮತ್ತು ಮುಂದಿನ ವಾರ ಜೊಂಡಿನ ಬಳಿ ಎಳೆದು, ಸೂಕ್ಷ್ಮದರ್ಶಕದ ಕೆಳಗೆ ಎಣಿಸಿ.

ಪ್ರತಿಕ್ರಿಯೆ — ಸಂಶೋಧನಾ ವಿದ್ಯಾರ್ಥಿನಿ

ಹಿರಿಯರೆಲ್ಲರಿಗೂ ಕೃತಜ್ಞತೆಗಳು. ತೊಟ್ಟಿಯ ಪ್ರಶ್ನೆಗೆ ಉತ್ತರ: ಹೌದು, ಒಂದೊಂದು ಸಾಂದ್ರತೆಗೆ ಒಂದೇ ತೊಟ್ಟಿಯಿತ್ತು, ಅದನ್ನು ಪ್ರಬಂಧದಲ್ಲಿ ಮುಚ್ಚಿಡದೆ ಬರೆಯುತ್ತೇನೆ.

ಮಾರ್ಗದರ್ಶಕರೊಂದಿಗೆ ಕುಳಿತು ನಿಮ್ಮ ಉತ್ತರಗಳನ್ನೆಲ್ಲ ಓದಿದೆವು. ಮಳೆಗಾಲಕ್ಕೆ ಇನ್ನೂ ಸಮಯವಿದೆ. ಕಾಲುವೆಯ ಬಾಯಿಯಲ್ಲಿ ಮೂರು, ಎದುರು ದಡದಲ್ಲಿ ಮೂರು ಪಂಜರಗಳನ್ನು ಇಳಿಬಿಡುವುದು, ಮೊದಲ ಮಳೆಯ ದಿನ ಗಾಜಿನ ಬಾಟಲಿಗಳಲ್ಲಿ ನೀರು ಹಿಡಿಯುವುದು, ಬೆಳಗಿನ ಜಾವದ ಆಮ್ಲಜನಕವನ್ನು ಅಳೆಯುವುದು, ಪ್ಲವಕ ಎಣಿಸುವುದು ಎಂದು ತೀರ್ಮಾನವಾಗಿದೆ. ಬಲೆ ಹಾಕುವವರಲ್ಲೊಬ್ಬರು ಪಂಜರಗಳನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿದ್ದಾರೆ. ‘ಅಪಾಯವಿಲ್ಲ’ ಎಂಬ ವಾಕ್ಯವನ್ನು ತೆಗೆದು, ‘ತಿಂಗಳಿಗೊಮ್ಮೆ ಸಂಗ್ರಹಿಸಿದ ಮಾದರಿಗಳಲ್ಲಿ, ಈ ಪತ್ತೆ ಮಿತಿಯೊಳಗೆ, ಒಂದು ಕೀಟನಾಶಕ ಈ ಪ್ರಮಾಣವನ್ನು ಮೀರಿ ಕಂಡುಬರಲಿಲ್ಲ’ ಎಂದು ಬರೆದಿದ್ದೇನೆ.

ಹೊಸ ಪ್ರಯೋಗದ ಕೋಷ್ಟಕಕ್ಕೆ ಮೂರನೆಯ ಅಂಕಣವನ್ನೂ ಎಳೆದಾಯಿತು. ಐದನೆಯ ದಿನ ಬೆಳಿಗ್ಗೆ ಪ್ರತಿ ತೊಟ್ಟಿಗೂ ಇಪ್ಪತ್ತು ಕಾಳು ಹಾಕಿ, ಐದು ನಿಮಿಷದಲ್ಲಿ ಎಷ್ಟು ಕಾಳು ಉಳಿದವೆಂದು ಅದರಲ್ಲಿ ಬರೆಯುತ್ತೇನೆ.